ಅಮ್ಮನ ರಕ್ತ ಕೊಡ್ಬಹುದು, ಆದ್ರೆ ಫಾರಂ ಓದಿಸ್ಕೊಳ್ಳದೆ ಸಹಿ ಬೇಡ

ಹೊನ್ನಾವರದ ಹತ್ರ ನಿಮ್ಮೂರಿಗೆ ರಿಸರ್ಚ್ ಟೀಮ್ ಬಂದಿದೆ, ಅಮ್ಮನ ರಕ್ತ, ಶುಗರ್ ಬಿಪಿ ರಿಪೋರ್ಟು ಎಲ್ಲ ಕೇಳ್ತಿದಾರೆ, ಜೀನ್ ಡೇಟಾಬೇಸ್‌ಗೆ ಹಾಕ್ತಾರಂತೆ, ಕೊಡೋದಾ ಬೇಡ್ವಾ ಅಂತ ಕೇಳಿದೀರಿ. ನಾನು ಕುಮಟಾದಲ್ಲಿ 14 ವರ್ಷದಿಂದ ಲ್ಯಾಬ್ ಟೆಕ್ನಿಶಿಯನ್, ಇಂಥ ಎರಡು ಕ್ಯಾಂಪಲ್ಲಿ ನಾನೇ ರಕ್ತ ತೆಗ್ದಿದೀನಿ. ಕೊಡಿ ಅಂತ್ಲೇ ಹೇಳ್ತೀನಿ.

ಯಾಕಂದ್ರೆ ನಮ್ಮ ಜನದ ಜೀನಲ್ಲಿ ಏನಿದೆ ಅನ್ನೋದು ನಮ್ಮ ಜನದ ರಕ್ತದಲ್ಲೇ ಸಿಗ್ಬೇಕು. ಹಾರ್ಟಿನ ಸ್ನಾಯುಗೆ ಬೇಕಾದ ಒಂದು ಪ್ರೋಟೀನ್ ಮಾಡೋ ಜೀನಿದೆ, ಅದರಲ್ಲಿ ಡಿಎನ್‌ಎಯ 25 ಅಕ್ಷರ ಬಿಟ್ಟುಹೋಗಿರೋದು ಭಾರತದ ಕಡೆಯವರಲ್ಲಿ 100ಕ್ಕೆ ಸುಮಾರು 4 ಜನಕ್ಕೆ ಇರತ್ತೆ, ಅಂಥವರಿಗೆ ವಯಸ್ಸಾದ್ಮೇಲೆ ಹಾರ್ಟ್ ವೀಕಾಗೋ ಅಪಾಯ ಜಾಸ್ತಿ ಅಂತ 2009ರಲ್ಲಿ ಗೊತ್ತಾಯ್ತು. ಯುರೋಪಿನವರಲ್ಲಿ ಇದು ಇಲ್ಲವೇ ಇಲ್ಲ ಅನ್ನೋ ಹಾಗೆ, ಅವರ ಡೇಟಾ ಎಷ್ಟು ಹುಡುಕಿದ್ರೂ ಸಿಗೋದಲ್ಲ. ಬ್ರಿಟನ್‌ನವರು 2006ರಿಂದ 2010ರ ಒಳಗೆ 40ರಿಂದ 69 ವಯಸ್ಸಿನ 5 ಲಕ್ಷ ಜನರನ್ನ ಸೇರಿಸ್ಕೊಂಡು ಯುಕೆ ಬಯೋಬ್ಯಾಂಕ್ ಅನ್ನೋ ರಕ್ತ, ಜೀನ್, ಆರೋಗ್ಯ ಮಾಹಿತಿಯ ದೊಡ್ಡ ಭಂಡಾರ ಮಾಡಿದ್ರು, ಇವತ್ತಿಗೂ ಅವರ ಆರೋಗ್ಯದ ದಾಖಲೆ ಅದಕ್ಕೆ ಸೇರ್ತಾನೇ ಇದೆ. ಶುಗರ್, ಬಿಪಿಯಂಥದ್ದಕ್ಕೆ ಒಂದೇ ಜೀನ್ ಕಾರಣ ಅಲ್ಲ, ನೂರಾರು ಜೀನು ಒಂದೊಂದು ಚೂರು ಕೈ ಆಡಿಸಿರ್ತವೆ, ಆ ಚೂರು ಕಾಣ್ಬೇಕು ಅಂದ್ರೆ ಲಕ್ಷದ ಲೆಕ್ಕದಲ್ಲೇ ಜನ ಬೇಕು. ನಮ್ಮ ದೇಶದ ಜೀನೋಮ್ ಇಂಡಿಯಾ ಯೋಜನೆ 2020ರಲ್ಲಿ ಶುರುವಾಗಿ 10,000 ಜನರ ಪೂರ್ತಿ ಡಿಎನ್‌ಎ ಓದಿ, ಆ ಡೇಟಾನ 2025ರ ಜನವರಿಲಿ ಸಂಶೋಧಕರಿಗೆ ಬಿಟ್ಕೊಟ್ರು, ಅದರ ಮುಂದಾಳತ್ವ ಬೆಂಗಳೂರಿನ ಐಐಎಸ್‌ಸಿ ಕ್ಯಾಂಪಸ್ಸಿನ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ದು. ಖುಷಿ ವಿಷಯನೇ, ಆದ್ರೆ ಇಷ್ಟು ದೊಡ್ಡ ದೇಶಕ್ಕೆ ಅದು ಎಲ್ಲಿ ಸಾಲತ್ತೆ.

ಇನ್ನೊಂದು, ಬರೀ ರಕ್ತ ಇದ್ರೆ ಆಗಲ್ಲ. ಅಂಕೋಲಾ ಕಡೆ ಕ್ಯಾಂಪಲ್ಲಿ ಒಬ್ರು ಅಜ್ಜಿ ಕ್ಯಾರಿಬ್ಯಾಗ್ ತುಂಬ ಕಾಗದ ತಂದಿದ್ರು, ಮಂಗಳೂರಿನ ಫೈಲ್ ಒಂದು, ಹುಬ್ಬಳ್ಳಿದೊಂದು, ಗೋವಾದೊಂದು, ದೊಡ್ಡ ಕಾಯ್ಲೆ ಅಂದ್ರೆ ಜಿಲ್ಲೆ ಬಿಟ್ಟು ಓಡೋದು ನಮ್ಮ ಹಣೆಬರಹ ಅಲ್ವಾ. ಮೂರರಲ್ಲಿ ಮೂರು ವಯಸ್ಸು, ಒಂದ್ರಲ್ಲಿ ಶುಗರ್ ಇದೆ, ಇನ್ನೊಂದ್ರಲ್ಲಿ ಇಲ್ಲ. ಡೇಟಾಬೇಸಿಗೆ ಯಾವ್ದು ಹೋಗ್ಬೇಕು? ಹಾಗಾಗಿ ನೀವು ಅಮ್ಮನ ಹಳೇ ರಿಪೋರ್ಟೆಲ್ಲ ತಾರೀಕಿನ ಪ್ರಕಾರ ಜೋಡಿಸಿಟ್ಟು ಆಮೇಲೆ ಕರ್ಕೊಂಡು ಹೋಗಿ.

ನೇರಳೆ ಮುಚ್ಚಳದ ಟ್ಯೂಬಿಗೆ ರಕ್ತ ಹಾಕಿ ಮೆಲ್ಲಗೆ ತಿರುಗಿಸ್ತಾ ಇದ್ದೆ, ಆ ಅಜ್ಜಿ ಕೇಳಿದ್ರು, "ತಂಗಿ, ಇದು ಎಲ್ಲಿಗೆ ಹೋಗೂದು? ಏನಾದ್ರೂ ಇದ್ರೆ ನಂಗೆ ಬಂದು ಹೇಳ್ತ್ರಾ?" ಹೇಳ್ತಾರೆ ಅಜ್ಜಿ ಅಂದ್ಬಿಟ್ಟೆ. ಯಾರೂ ಬರ್ಲಿಲ್ಲ. ಆ ಟೀಮಿಗೆ ಎರಡು ಸಲ ಫೋನ್ ಮಾಡ್ದೆ, ನೋಡ್ತೀವಿ ಅಂದವರು ಆಮೇಲೆ ಎತ್ತಲೇ ಇಲ್ಲ. ಒಪ್ಪಿಗೆ ಫಾರಂನ ಮೂರನೇ ಪುಟದಲ್ಲಿ "ವೈಯಕ್ತಿಕ ಫಲಿತಾಂಶ ನೀಡಲಾಗುವುದಿಲ್ಲ" ಅಂತ ಇತ್ತು, ಅಜ್ಜಿ ಹೆಬ್ಬೆಟ್ಟು ಒತ್ತಿದ್ರು, ನಾನು ಓದಿ ಹೇಳಿರ್ಲಿಲ್ಲ. ಅದು ನನ್ನ ತಪ್ಪೇ, ಇವತ್ತಿಗೂ ಚುಚ್ಚತ್ತೆ.

ಅದಕ್ಕೇ ಫಾರಂ ಕನ್ನಡದಲ್ಲಿ, ಮನೇಲಿ ಕೊಂಕಣಿ ಆದ್ರೆ ಕೊಂಕಣಿಲಿ, ಪೂರ್ತಿ ಓದಿಸ್ಕೊಳ್ಳಿ. ಈ ರಕ್ತ ಶುಗರ್ ಸಂಶೋಧನೆಗೆ ಮಾತ್ರನಾ, ಮುಂದೆ ಬೇರೆದಕ್ಕೂ ಬಳಸ್ತಾರಾ ಕೇಳಿ. ಅಮೆರಿಕದ ಹವಸುಪೈ ಅನ್ನೋ ಬುಡಕಟ್ಟಿನವರು 1990ರಿಂದ ಶುಗರ್ ಕಾಯ್ಲೆ ಸಂಶೋಧನೆ ಅಂತ ರಕ್ತ ಕೊಟ್ರೆ ಅದನ್ನ ಮಾನಸಿಕ ಕಾಯ್ಲೆ, ಅವರ ಮೂಲ ಎಲ್ಲಿ ಅನ್ನೋದಕ್ಕೆಲ್ಲ ಬಳಸಿದ್ರು, ಕೋರ್ಟಿಗೆ ಹೋಗಿ 2010ರಲ್ಲಿ 7 ಲಕ್ಷ ಡಾಲರ್ ಪರಿಹಾರದ ಜೊತೆ ಉಳಿದ ರಕ್ತಾನೂ ವಾಪಸ್ ತಗೊಂಡ್ರು. ಹೆಸರು ತೆಗೀತೀವಿ ಅಂದ್ರೂ ಪೂರ್ತಿ ನೆಮ್ಮದಿ ಬೇಡ. "ಯಲ್ಲಾಪುರ ತಾಲೂಕು, ಸಿದ್ದಿ, ಹೆಣ್ಣು, 47 ವರ್ಷ" ಅಂತ ಜೊತೆಲಿ ಊರೂ ಇದ್ರೆ ಅದು ಯಾರು ಅಂತ ಆ ಊರಿನವರಿಗೆ ಹೆಸರೇ ಬೇಡ. ಅದೂ ಅಲ್ದೆ ಅಮ್ಮನ ಜೀನಲ್ಲಿ ಅರ್ಧ ನಿಮ್ಮಲ್ಲೂ ಇದೆ, ಹಾಗಾಗಿ ಮನೆಯವರೆಲ್ಲ ಕೂತು ಮಾತಾಡಿ. ಆಮೇಲೆ ಬೇಡ ಅನ್ಸಿದ್ರೆ ಹಿಂದೆ ಸರಿಯೋ ಹಕ್ಕಿದೆ, ಆದ್ರೆ ಅಷ್ಟರೊಳಗೆ ಮುಗ್ದಿರೋ ಸಂಶೋಧನೆಯಿಂದ ತೆಗೆಯೋಕಾಗಲ್ಲ, ಹಿಂದೆ ಸರಿಯೋಕೆ ಯಾರಿಗೆ ಬರೀಬೇಕು ಅನ್ನೋ ವಿಳಾಸ ಫಾರಂನಲ್ಲಿ ಇರ್ಲೇಬೇಕು.

ಸಹಿ ಆದ್ಮೇಲೆ ಒಂದು ಕಾಪಿ ಕೇಳಿ ಇಸ್ಕೊಂಡು ಅಮ್ಮನ ಆಧಾರ್ ಇಟ್ಟ ಕಡೆನೇ ಇಡಿ. ಸಹಿಗೆ ಮುಂಚೆ ಡೌಟಿದ್ರೆ ಹೆಸರು ಮುಚ್ಚಿ ಫಾರಂ ಫೋಟೊ ಇಲ್ಲಿ ಹಾಕಿ, ಸಂಜೆ ಡ್ಯೂಟಿ ಮುಗಿಸಿ ಪೂರ್ತಿ ಓದಿ ಹೇಳ್ತೀನಿ.