ಒಬ್ಬರೇ ಬಂಡೆ ಹತ್ತುವಾಗ ಚೀಲ ಮೇಲೆತ್ತುವ ಬಗೆ: ಶಹಾಪುರದ ಗೆಳೆಯರಿಗೆ ಯಾದಗಿರಿಯಿಂದ ಉತ್ತರ

ಶಹಾಪುರದ ಗೆಳೆಯರೇ, ಬರುವ ಚಳಿಗಾಲದಲ್ಲಿ ಮಾಗಡಿಯ ಸಾವನದುರ್ಗದ ಬಂಡೆಯಲ್ಲಿ, ಹಗ್ಗದ ಅಳತೆಯೊಳಗಿನ ಹಲವು ಹಂತಗಳ, ಅಂದರೆ ಹಲವು ಪಿಚ್‌ಗಳ ದಾರಿಯೊಂದನ್ನು ಒಬ್ಬರೇ ಹತ್ತಬೇಕೆಂದು ಬರೆದಿದ್ದೀರಿ. 14 ಕಿಲೋ ತೂಕದ ಚೀಲವನ್ನು ಇನ್ನೊಂದು ಹಗ್ಗಕ್ಕೆ ಕಟ್ಟಿ, ಪ್ರತಿ ಪಿಚ್ಚಿನ ತುದಿಯಲ್ಲಿ ನಿಂತು ಕೈಯಿಂದ ಜಗ್ಗಿಕೊಂಡರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಅದಕ್ಕಿಂತ ಮೊದಲು, ಆ ಬಂಡೆಯಲ್ಲಿ ಚೀಲವನ್ನು ಎತ್ತುವ ಅಗತ್ಯವೇ ಬಹುಪಾಲು ಇಲ್ಲ ಎಂಬುದು ನನ್ನ ಅಭಿಪ್ರಾಯ.

ಒಬ್ಬರೇ ಹಗ್ಗ ಹಾಕಿ ಹತ್ತುವವರು ಪ್ರತಿ ಪಿಚ್ಚನ್ನೂ ಎರಡು ಸಲ ಹತ್ತುತ್ತಾರೆ, ಒಂದು ಸಲ ಇಳಿಯುತ್ತಾರೆ. ಮೊದಲು ಮುಂದಾಳಾಗಿ ಹತ್ತಿ ಆಂಕರ್ (ಹಗ್ಗವನ್ನು ಬಂಡೆಗೆ ಭದ್ರಪಡಿಸುವ ನೆಲೆ) ಕಟ್ಟಬೇಕು, ಕೆಳಗಿಳಿದು ಹಿಂದಿನ ಆಂಕರನ್ನು ಬಿಚ್ಚಬೇಕು, ಮತ್ತೆ ಜೂಮರ್ (ಹಗ್ಗವನ್ನು ಕಚ್ಚಿ ಮೇಲಕ್ಕೆ ಮಾತ್ರ ಸರಿಯುವ ಹಿಡಿಕೆ) ಮೇಲೆ ಹತ್ತುತ್ತಾ, ಮೊದಲ ಸಲ ಬಂಡೆಗೆ ಸಿಕ್ಕಿಸಿದ್ದ ಸಾಮಾನುಗಳನ್ನು ಕಿತ್ತುಕೊಳ್ಳಬೇಕು. ಹೇಗೂ ಎರಡನೆಯ ಸಲ ಹತ್ತಲೇಬೇಕಾದ ಮೇಲೆ ಚೀಲ ನಿಮ್ಮ ಬೆನ್ನಿನ ಮೇಲೆಯೇ ಬರಬಹುದು. ಸಾವನದುರ್ಗದ ಬಹುಭಾಗ ಇಳಿಜಾರಾದ ಹಾಸುಬಂಡೆ. ಅಲ್ಲಿ ಚೀಲ ಗಾಳಿಯಲ್ಲಿ ತೂಗುವುದಿಲ್ಲ, ಬಂಡೆಗೆ ಉಜ್ಜಿಕೊಂಡು ಬರುತ್ತದೆ, ಅಂಚು ಸಿಕ್ಕಲ್ಲೆಲ್ಲ ತಡೆಯುತ್ತದೆ. ಜೊತೆಗಾರನಿದ್ದರೆ ಅವನು ಕೆಳಗಿನಿಂದ ಬಂದು ಬಿಡಿಸಿಯಾನು. ನೀವೊಬ್ಬರೇ ಇದ್ದಾಗ ಪ್ರತಿ ತಡೆಗೂ ಮತ್ತೊಂದು ಇಳಿತ, ಮತ್ತೊಂದು ಏರು. ಆದ್ದರಿಂದ ಇಳಿಜಾರಿನಲ್ಲಿ ಹೊತ್ತುಕೊಂಡು ಹತ್ತಿರಿ. ಸ್ವಲ್ಪ ಕಡಿದಾದಲ್ಲಿ ಹಾರ್ನೆಸ್ಸಿನ (ಸೊಂಟಕ್ಕೂ ತೊಡೆಗಳಿಗೂ ಕಟ್ಟಿಕೊಳ್ಳುವ ಪಟ್ಟಿ) ಮುಂದಿನ ಬಿಲೇ ಲೂಪ್ ಎಂಬ ಗಟ್ಟಿ ಕುಣಿಕೆಯಿಂದ ಎರಡು ಮೊಳದ ಹಗ್ಗದಲ್ಲಿ ಚೀಲವನ್ನು ಕಾಲ ಕೆಳಗೆ ತೂಗುಬಿಟ್ಟು ಹತ್ತಿರಿ. ಬೆನ್ನಿಗಿದ್ದರೆ ಭಾರವು ನಿಮ್ಮನ್ನು ಹಿಂದಕ್ಕೆ ಎಳೆಯುತ್ತದೆ, ತೂಗುಬಿಟ್ಟರೆ ಹಾಗಾಗುವುದಿಲ್ಲ.

ನಿಜಕ್ಕೂ ಕಡಿದಾದ, ಚೀಲ ಸ್ವಚ್ಛವಾಗಿ ತೂಗುವ ಪಿಚ್‌ಗಳಲ್ಲಿ ಮಾತ್ರ ಮೇಲೆತ್ತುವ ಮಾತು. ಅಲ್ಲಿ ಕೆಲಸದ ಕ್ರಮವೇ ಪ್ರಾಣ ಕಾಯುತ್ತದೆ. ಹತ್ತುವಾಗ ಚೀಲ ಕೆಳಗಿನ ಆಂಕರಿಗೆ ಭದ್ರವಾಗಿರಲಿ. ಎಳೆಯುವ ಹಗ್ಗದ ತುದಿಯನ್ನು ಮಾತ್ರ ಹಾರ್ನೆಸ್ಸಿನ ಹಿಂಬದಿಗೆ ಸಿಕ್ಕಿಸಿ, ಉಳಿದದ್ದನ್ನು ಸರಾಗವಾಗಿ ಹೊರಬರುವಂತೆ ಸಣ್ಣ ಚೀಲದಲ್ಲಿ ತುಂಬಿಡಿ. ಮೇಲೆ ತಲುಪಿದ ಮೇಲೆ ಮುಖ್ಯ ಹಗ್ಗ, ಎಳೆಯುವ ಹಗ್ಗ ಎರಡನ್ನೂ ಆಂಕರಿನ ಬೇರೆ ಬೇರೆ ಕೊಂಡಿಗಳಿಗೆ, ಅಂದರೆ ಕ್ಯಾರಬೀನರ್‌ಗಳಿಗೆ ಎಂಟರ ಆಕಾರದ ಗಂಟಿನಲ್ಲಿ ಕಟ್ಟಿ, ಎಳೆಯುವ ಹಗ್ಗದ ಮೇಲೆ ಇಳಿದು ಬನ್ನಿ. ಕೆಳಗೆ ಮೊದಲು ನೀವು ಜೂಮರ್‌ಗಳಿಂದ ಮುಖ್ಯ ಹಗ್ಗಕ್ಕೆ ಸೇರಿಕೊಳ್ಳಬೇಕು, ಆಮೇಲೆ ಚೀಲ. ಹೊಸಬರು ಎಡವುವುದು ಇಲ್ಲಿಯೇ. ಪಿಚ್ 40 ಮೀಟರ್, ಹಗ್ಗ 60 ಮೀಟರ್ ಇದ್ದರೆ 20 ಮೀಟರ್ ಸಡಿಲವಾಗಿ ಬಿದ್ದಿರುತ್ತದೆ. ಚೀಲವನ್ನು ಹಾಗೆಯೇ ಬಿಟ್ಟರೆ ಅದು ಅಷ್ಟೂ ದೂರ ಬಿದ್ದು, ಹಿಗ್ಗದ ಸ್ಟ್ಯಾಟಿಕ್ ಹಗ್ಗಕ್ಕೂ ಮೇಲಿನ ಆಂಕರಿಗೂ ದೊಡ್ಡ ಪೆಟ್ಟು ಕೊಡುತ್ತದೆ. ಆದ್ದರಿಂದ ಹಗ್ಗವನ್ನು ಬಿಗಿಯಾಗಿ ಎಳೆದು, ಬಿಗಿಯಾದ ಜಾಗದಲ್ಲೇ ಹೊಸ ಗಂಟು ಹಾಕಿ ಚೀಲಕ್ಕೆ ಸೇರಿಸಿ, ಉಳಿದ ಹಗ್ಗವನ್ನು ಒಳಗೆ ತುಂಬಿರಿ. ಕೆಳಗಿನ ಆಂಕರಿನಿಂದ ಚೀಲವನ್ನು ಮುಂಟರ್ ಹಿಚ್ (ಹಗ್ಗವನ್ನು ತಡೆದು ತಡೆದು ಬಿಡಲು ಕೊಂಡಿಗೆ ಹಾಕುವ ಸುತ್ತು) ಮೂಲಕ ನಿಧಾನವಾಗಿ ಸಡಿಲಿಸಿದರೆ ಭಾರವು ಮೇಲಿನ ಹಗ್ಗಕ್ಕೆ ಮೆಲ್ಲನೆ ವರ್ಗವಾಗುತ್ತದೆ.

ಜೂಮರ್ ಮೇಲೆ ಹತ್ತುವಾಗ ಐದಾರು ಮೀಟರಿಗೊಮ್ಮೆ ಹಗ್ಗದಲ್ಲಿ ಗಂಟು ಹಾಕಿ ಹಾರ್ನೆಸ್ಸಿಗೆ ಸಿಕ್ಕಿಸಿಕೊಳ್ಳಿ. ಜೂಮರಿನ ಹಲ್ಲುಗಳು ಬೀಳುವಿಕೆಯ ಪೆಟ್ಟನ್ನು ತಡೆಯಲು ಮಾಡಿದವಲ್ಲ. ಅಂಥ ಪೆಟ್ಟಿಗೆ ಅವು ಹಗ್ಗದ ಹೊದಿಕೆಯನ್ನೇ ಸೀಳಬಹುದು.

ಮೇಲೆ ಬಂದ ಮೇಲೆ, ಹಗ್ಗ ಹಿಂದಕ್ಕೆ ಜಾರದಂತೆ ಕಚ್ಚಿ ಹಿಡಿಯುವ ಟ್ರಾಕ್ಷನ್ ಪುಲಿಯನ್ನು ಎಳೆಯುವ ಹಗ್ಗಕ್ಕೆ ಹಾಕಿರಿ. ಭಾರ ಪುಲಿಯ ಮೇಲೆ ಕುಳಿತದ್ದನ್ನು ಕಣ್ಣಾರೆ ನೋಡಿದ ಮೇಲಷ್ಟೇ ಹಳೆಯ ಗಂಟನ್ನು ಬಿಚ್ಚಿರಿ. ಕೈಬಲವನ್ನು ನೆಚ್ಚಬೇಡಿ. ಹಿಂದೆ ನಮ್ಮ ಬಾವಿಗಳ ಕಪಿಲೆಯಲ್ಲಿ ಎತ್ತುಗಳು ಇಳಿಜಾರಿನಲ್ಲಿ ಕೆಳಮುಖವಾಗಿ ನಡೆದು, ತಮ್ಮ ಮೈಭಾರದಿಂದಲೇ ನೀರಿನ ಚೀಲವನ್ನು ಮೇಲೆತ್ತುತ್ತಿದ್ದವು. ಇಲ್ಲಿಯೂ ಅದೇ ಲೆಕ್ಕ. ಪುಲಿಯಿಂದ ನಿಮ್ಮ ಕಡೆಗೆ ಬರುವ ಹಗ್ಗದ ಎಳೆಗೆ ಜೂಮರೊಂದನ್ನು ತಲೆಕೆಳಗಾಗಿ ಹಾಕಿ ಹಾರ್ನೆಸ್ಸಿಗೆ ಸೇರಿಸಿ, ಆಂಕರಿಗೆ ಉದ್ದನೆಯ ಪ್ರತ್ಯೇಕ ಹಗ್ಗದಲ್ಲಿ ನಿಮ್ಮನ್ನು ಕಟ್ಟಿಕೊಂಡು, ಬಂಡೆಗೆ ಕಾಲು ಕೊಟ್ಟು ಕುಳಿತರೆ ಚೀಲ ಏರುತ್ತದೆ. 1960ರ ದಶಕದಲ್ಲಿ ಅಮೆರಿಕದ ಯೊಸೆಮಿಟಿ ಕಣಿವೆಯಲ್ಲಿ ಈ ಬಗೆಯನ್ನು ರೂಢಿಗೆ ತಂದ ಆರೋಹಿ ರಾಯಲ್ ರಾಬಿನ್ಸ್, 1968ರಲ್ಲಿ ಅಲ್ಲಿನ ಎಲ್ ಕ್ಯಾಪಿಟನ್ ಎಂಬ ದೊಡ್ಡ ಬಂಡೆಯ ಮ್ಯೂರ್ ವಾಲ್ ದಾರಿಯನ್ನು ಒಬ್ಬರೇ ಹತ್ತಿದರು. ನಿಮ್ಮ 14 ಕಿಲೋ ಚೀಲಕ್ಕೆ ಮೂರು ಪಟ್ಟು ಬಲ ಕೊಡುವ ಪುಲಿ ಜೋಡಣೆ ಬೇಕಿಲ್ಲ. ಅದರಲ್ಲಿ ಚೀಲ ಒಂದು ಮೀಟರ್ ಏರಲು ನೀವು ಮೂರು ಮೀಟರ್ ಎಳೆಯಬೇಕು. ಪುಲಿಯ ಬದಲು ಬರೀ ಕ್ಯಾರಬೀನರ್ ಬಳಸಿದರಂತೂ ಬಲದ ದೊಡ್ಡ ಪಾಲು ಘರ್ಷಣೆಗೇ ಹೋಗುತ್ತದೆ.

ಇನ್ನೊಂದು ಮಾತನ್ನು ನಾನು ಕಷ್ಟಪಟ್ಟು ಕಲಿತೆ. ನಿಮ್ಮೂರಿನ ಗುಡ್ಡದಲ್ಲೇ ಒಂದು ಮಾರ್ಚ್ ತಿಂಗಳಲ್ಲಿ ಅಭ್ಯಾಸ ಮಾಡುವಾಗ ನನ್ನ ಚೀಲ ಬಂಡೆಯ ಚಾಚಿನ ಕೆಳಗೆ ಸಿಕ್ಕಿಕೊಂಡಿತು. ನಾನು ಸಿಟ್ಟಿನಿಂದ ಮತ್ತಷ್ಟು ಜಗ್ಗಿದೆ. ಹಗ್ಗ ಬಿಗಿದು ಪುಲಿ ಕಚ್ಚಿಕೊಂಡಿತು. ಇಂಥ ಪುಲಿಯನ್ನು ಬಿಡಿಸಲು ಭಾರವನ್ನು ಮೊದಲು ಒಂದಿಷ್ಟು ಮೇಲೆತ್ತಬೇಕು. ಚೀಲ ಸಿಕ್ಕಿಕೊಂಡಿದ್ದರಿಂದ ಅದು ಆಗಲಿಲ್ಲ, ಕೆಳಗೆ ಬಿಡುವುದೂ ಆಗಲಿಲ್ಲ. ನೀರೆಲ್ಲ ಚೀಲದಲ್ಲಿತ್ತು. ಬಿಸಿಲಿನಲ್ಲಿ ಎರಡು ತಾಸು ಹೆಣಗಿದೆ. ಅಂದಿನಿಂದ ಪುಲಿಯನ್ನು ಆಂಕರಿಗೆ ನೇರವಾಗಿ ಸಿಕ್ಕಿಸುವುದಿಲ್ಲ. ನಡುವೆ ಒಂದು ಹಗ್ಗದ ತುಂಡನ್ನು ಮುಂಟರ್ ಹಿಚ್‌ನಲ್ಲಿ ಹಾಕಿ, ಭಾರವಿದ್ದಾಗಲೂ ಬಿಚ್ಚಬಹುದಾದ ಮ್ಯೂಲ್ ಗಂಟಿನಿಂದ ಬಂಧಿಸಿಡುತ್ತೇನೆ. ಬೇಕಾದಾಗ ಆ ಗಂಟನ್ನು ಬಿಚ್ಚಿದರೆ ಭಾರದ ಸಮೇತ ಪುಲಿ ಕೆಳಗಿಳಿದು ಹಗ್ಗ ಸಡಿಲಾಗುತ್ತದೆ. ಒಂದು ಲೀಟರ್ ನೀರನ್ನು ಸದಾ ಮೈಮೇಲೆಯೇ ಇಟ್ಟುಕೊಳ್ಳುತ್ತೇನೆ.

ಎಳೆಯುತ್ತಾ ಪ್ರತಿ ಹತ್ತು ಮೀಟರಿಗೊಮ್ಮೆ ಹಗ್ಗವನ್ನು ಆಂಕರಿಗೆ ಪ್ರತ್ಯೇಕ ಗಂಟಿನಿಂದ ಕಟ್ಟಿರಿ. ಪುಲಿ ಕೈಕೊಟ್ಟರೂ ಚೀಲ ತಳಕ್ಕೆ ಹೋಗುವುದಿಲ್ಲ. ಸಾವನದುರ್ಗದ ಬುಡದಲ್ಲಿ ವೀರಭದ್ರ ಮತ್ತು ನರಸಿಂಹ ದೇವಸ್ಥಾನಗಳಿವೆ, ಭಕ್ತರ ಓಡಾಟವಿದೆ. ಚೀಲ ಉದುರಿಸುವ ಒಂದು ಕಲ್ಲು ಯಾರ ತಲೆಯ ಮೇಲೆ ಬೀಳುತ್ತದೆಂದು ನಿಮಗೆ ಮೇಲಿನಿಂದ ಕಾಣುವುದಿಲ್ಲ. ಬಂಡೆಯ ಚಾಚಿನಲ್ಲಿ ಹೆಜ್ಜೇನು ಕಟ್ಟಿದ್ದರೆ ಆ ಸಾಲಿನಲ್ಲಿ ಚೀಲವನ್ನು ಎಳೆಯಲೇಬೇಡಿ.

ಚೀಲದ ಹೊರಪಟ್ಟಿಗಳನ್ನೆಲ್ಲ ಒಳಗೆ ಮಡಚಿ, ಮೇಲೆ ದಪ್ಪ ತಾಡಪತ್ರಿ ಸುತ್ತಿರಿ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಮೇಲರ್ಧವನ್ನು ಕತ್ತರಿಸಿ, ಅದರ ಬಾಯಿಯೊಳಗಿಂದ ಹಗ್ಗ ಹಾಯಿಸಿ ಗಂಟಿನ ಮೇಲೆ ಟೋಪಿಯಂತೆ ಕೂರಿಸಿದರೆ ಗಂಟು ಸವೆಯುವುದಿಲ್ಲ, ಅಂಚಿಗೂ ಸುಲಭವಾಗಿ ಸಿಕ್ಕುವುದಿಲ್ಲ.

ಹೊರಡುವ ಮುನ್ನ ಶಹಾಪುರದ ಬಂಡೆಗುಂಡುಗಳಲ್ಲಿ, ನೆಲದಿಂದ ಹತ್ತಡಿ ಎತ್ತರದಲ್ಲಿ ಆಂಕರ್ ಕಟ್ಟಿ, 14 ಕಿಲೋ ಮರಳಿನ ಚೀಲದಿಂದ ಈ ಇಡೀ ಕ್ರಮವನ್ನು, ಸಿಕ್ಕಿಕೊಂಡ ಚೀಲವನ್ನು ಕೆಳಗೆ ಬಿಡುವುದನ್ನೂ ಸೇರಿಸಿ, ಕತ್ತಲಲ್ಲೂ ತಪ್ಪದೆ ಮಾಡುವಷ್ಟು ಸಲ ಮಾಡಿರಿ. ಭಾನುವಾರವಾದರೆ ನಾನೂ ಬರುತ್ತೇನೆ. ನನ್ನ ಪುಲಿ, ಜೂಮರ್‌ಗಳನ್ನು ತರುತ್ತೇನೆ.