ಕೇದಾರಕ್ಕೆ ಹೊರಟಿದ್ದೀರಾ? ಮೊದಲು ರಾತ್ರಿ ಲೆಕ್ಕ ಹಾಕಿ

ಕಳೆದ ಸಂಚಿಕೆಯಲ್ಲಿ ಕೇದಾರನಾಥದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೇ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಈ ಸಲ ಪೂರ್ತಿ ಅಂಕಣ ಅದಕ್ಕೇ ಇಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಚಿತ್ರದುರ್ಗದವಳು, ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಳಾದವಳು. ಕೇದಾರಕ್ಕೆ ನಾಲ್ಕು ಸಲ ಹೋಗಿದ್ದೇನೆ. ಮೂರು ಸಲ ದರ್ಶನವಾಗಿದೆ.

ದಿನಾ ಒಂದು ಗಂಟೆ ಶಾಲೆ ಮೈದಾನ ಸುತ್ತುತ್ತೇನೆ. ವಯಸ್ಸು 56. ಮೇ ತಿಂಗಳಲ್ಲಿ ಹೋಗಬೇಕು. ಇಷ್ಟು ಅಭ್ಯಾಸ ಸಾಕಾ? — ಹೊಳಲ್ಕೆರೆಯ ಓದುಗರು

ಸುತ್ತುವುದನ್ನು ಬಿಡಬೇಡಿ. ಆದರೆ ಅದೊಂದೇ ಸಾಲದು. ಗೌರಿಕುಂಡದಿಂದ ಗುಡಿಗೆ ಸುಮಾರು 16 ಕಿ.ಮೀ. ದಾರಿ. ಗೌರಿಕುಂಡ ಇರುವುದು 2,000 ಮೀಟರ್ ಆಸುಪಾಸಿನಲ್ಲಿ, ಗುಡಿ ಇರುವುದು 3,583 ಮೀಟರ್‌ನಲ್ಲಿ. ಮೈದಾನದಲ್ಲಿ ನಡೆದ ಕಾಲಿಗೆ ಆ ಏರು ಗೊತ್ತಿರುವುದಿಲ್ಲ.

ನಮ್ಮ ಪುಣ್ಯ, ನಮಗೆ ಕೋಟೆ ಇದೆ. ಪ್ರತಿ ವರ್ಷ ಶಿವರಾತ್ರಿ ದಿನ, ಚಳಿಗಾಲದಲ್ಲಿ ಕೇದಾರನಾಥನ ಪೂಜೆ ನಡೆಯುವ ಊಖಿಮಠದಲ್ಲಿ ಕೇದಾರದ ಬಾಗಿಲು ತೆಗೆಯುವ ದಿನ ಗೊತ್ತು ಮಾಡುತ್ತಾರೆ. ನಾನು ಅದರ ಮಾರನೇ ಬೆಳಿಗ್ಗೆಯೇ ಕೋಟೆ ಹತ್ತಲು ಶುರು ಮಾಡುತ್ತೇನೆ. ಮೊದಲ ವಾರ ಏಕನಾಥೇಶ್ವರಿ ಗುಡಿವರೆಗೆ ಒಂದು ಸಲ. ಮೂರನೇ ವಾರದಿಂದ ಎರಡು ಸಲ. ತಿಂಗಳು ಕಳೆದ ಮೇಲೆ ಬೆನ್ನಿಗೆ ಬ್ಯಾಗು, ಅದರಲ್ಲಿ ಎರಡು ಲೀಟರಿನ ಎರಡು ನೀರಿನ ಬಾಟಲಿ. ಹತ್ತುವಾಗ ಒಂದು ವಚನ ತಡವರಿಸದೆ ಹೇಳಲು ಬರಬೇಕು. ಮಾತು ಕತ್ತರಿಸಿದರೆ ಓಟ ಜಾಸ್ತಿಯಾಯಿತು ಅಂತ ಅರ್ಥ. ದಾವಣಗೆರೆ ಕಡೆಯವರಿಗೆ ಬಾತಿ ಗುಡ್ಡ ಇದೆ, ಅದೂ ಇಲ್ಲದವರು ಮನೆ ಮಹಡಿ ಮೆಟ್ಟಿಲು ಹತ್ತಿ ಇಳಿಯಿರಿ.

ಇಳಿಯುವುದನ್ನು ಮರೆಯಬೇಡಿ. ಎಲ್ಲರಿಗೂ ಏರುವುದರದ್ದೇ ಚಿಂತೆ. ಮಂಡಿ ಹಿಡಿದುಕೊಳ್ಳುವುದು, ಕಾಲಿನ ಉಗುರು ಕಪ್ಪಾಗುವುದು ಇಳಿಯುವಾಗ. ಕೋಟೆಯ ಕಲ್ಲಿನ ಮೆಟ್ಟಿಲನ್ನು ಮಂಡಿ ಸ್ವಲ್ಪ ಬಗ್ಗಿಸಿ ಮೆತ್ತಗೆ ಇಳಿದು ತೊಡೆಗೆ ರೂಢಿ ಮಾಡಿಸಿ. ಶೂ ಕೊಳ್ಳಲು ಸಂಜೆ ಹೊತ್ತು ಹೋಗಿ, ಪಾದ ಆಗ ಸ್ವಲ್ಪ ಊದಿರುತ್ತದೆ. ದಪ್ಪ ಸಾಕ್ಸ್ ಹಾಕಿಯೇ ಅಳತೆ ನೋಡಿ. ಹೊಸ ಶೂ ಹಾಕಿಕೊಂಡು ರೈಲು ಹತ್ತಬೇಡಿ, ಒಂದು ತಿಂಗಳಾದರೂ ಅದು ಕೋಟೆ ನೋಡಿರಲಿ.

ಸೀರೆಯಲ್ಲೇ ನಡೆಯಬೇಕಾ ಅಂತಲೂ ಕೇಳಿದ್ದೀರಿ. ಬೇಡ. ಮಧ್ಯಾಹ್ನದ ಮೇಲೆ ಯಾವಾಗ ಬೇಕಾದರೂ ಮಳೆ ಬರುತ್ತದೆ. ಕಾಟನ್ ಬಟ್ಟೆ ಮಳೆಗೋ ಬೆವರಿಗೋ ನೆನೆದರೆ ಬೇಗ ಒಣಗುವುದಿಲ್ಲ, ಮೈ ಬಿಸಿಯನ್ನೆಲ್ಲ ಎಳೆದುಬಿಡುತ್ತದೆ. ಬೇಗ ಒಣಗುವ ಪ್ಯಾಂಟು, ಮೇಲೆ ಉಣ್ಣೆ, ಅದರ ಮೇಲೆ ರೇನ್‌ಕೋಟ್. ಒಂದು ಜೊತೆ ಒಣ ಬಟ್ಟೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಿ. ಸೀರೆ ಬ್ಯಾಗಿನಲ್ಲಿರಲಿ, ಗುಡಿ ಮುಂದೆ ಉಟ್ಟುಕೊಳ್ಳಬಹುದು.

ಮಗನಿಗೆ ಮೂರೇ ದಿನ ರಜೆ. ಬೆಂಗಳೂರಿನಿಂದ ಡೆಹ್ರಾಡೂನ್‌ಗೆ ವಿಮಾನ, ಅವತ್ತೇ ಗುಪ್ತಕಾಶಿ, ಮಾರನೇ ದಿನ ಹೆಲಿಕಾಪ್ಟರ್, ರಾತ್ರಿ ಕೇದಾರದಲ್ಲೇ ವಾಸ ಅಂತಾನೆ. ನಡೆಯೋದೇ ಇಲ್ಲವಲ್ಲ, ಇನ್ನೇನು ಕಷ್ಟ ಅಲ್ವಾ? — ದಾವಣಗೆರೆಯ ಓದುಗರು

ಕಷ್ಟ ಇರುವುದೇ ಇಲ್ಲಿ. ದಾವಣಗೆರೆ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ. ಇಲ್ಲಿ ಒಂದು ಉಸಿರಿಗೆ ಸಿಗುವ ಆಕ್ಸಿಜನ್‌ನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ ಕೇದಾರದಲ್ಲಿ ಸಿಗುತ್ತದೆ. ಅಲ್ಲಿ ಗಾಳಿಯೇ ತೆಳು. ಮೈ ಅದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ದಿನಗಳು ಬೇಕು. ಹೆಲಿಕಾಪ್ಟರ್ ಕಾಲಿನ ಕೆಲಸ ಉಳಿಸುತ್ತದೆ, ರಕ್ತದ ಕೆಲಸ ಉಳಿಸುವುದಿಲ್ಲ. ಗಟ್ಟಿ ಆಳು, ಹರೆಯದವನು ಅನ್ನುವುದೂ ಇದಕ್ಕೆ ಲೆಕ್ಕವಿಲ್ಲ. ಬೇಗ ಬೇಗ ಹತ್ತುವ ಹುಡುಗರೇ ಎಷ್ಟೋ ಸಲ ಮೊದಲು ಮಲಗುತ್ತಾರೆ.

ನನ್ನ ಎರಡನೇ ಯಾತ್ರೆ 2017ರ ಮೇ ತಿಂಗಳಲ್ಲಿ. ಜೊತೆಗೆ ಅಕ್ಕ ಇದ್ದಳು. ಪ್ಯಾಕೇಜಿನವರು ಎಲ್ಲವನ್ನೂ ಬಿಗಿಯಾಗಿ ಹಾಕಿದ್ದರು. ಹರಿದ್ವಾರದಿಂದ ಒಂದೇ ಓಟಕ್ಕೆ ಸೋನ್‌ಪ್ರಯಾಗ, ಬೆಳಗಿನ ಜಾವ ಎದ್ದು ನಡಿಗೆ, ಸಂಜೆ ಲಿಂಚೋಲಿಯ ಟೆಂಟು. ರಾತ್ರಿ ಅಕ್ಕನಿಗೆ ತಲೆನೋವು, ಎರಡು ಸಲ ವಾಂತಿ. "ಸುಮ್ನಿರೇ, ದರ್ಶನ ಆದರೆ ಎಲ್ಲ ಹೋಗುತ್ತೆ" ಅಂದಳು. ನಾನೂ ಸುಮ್ಮನಾದೆ. ನರ್ಸ್ ಆಗಿಯೂ ಸುಮ್ಮನಾದೆ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಬೆಳಿಗ್ಗೆ ಐದಕ್ಕೆ ಅಕ್ಕ ಲಿಂಗಪೂಜೆಗೆ ಕೂತಳು. ಲಿಂಗ ಸುತ್ತಿದ ಬಟ್ಟೆಯ ಗಂಟು ಬಿಚ್ಚಲು ಬೆರಳು ಇಟ್ಟಳು. ಬೆರಳು ಜಾರಿತು. ಮತ್ತೆ ಇಟ್ಟಳು, ಮತ್ತೆ ಜಾರಿತು. ಚಿಕ್ಕಂದಿನಿಂದ ದಿನವೂ ಬಿಚ್ಚಿ ಕಟ್ಟಿದ ಗಂಟು ಅದು. ಟಾರ್ಚ್ ಬೆಳಕಿನಲ್ಲಿ ಅದನ್ನೇ ನೋಡುತ್ತಾ ಕೂತು, ಆಮೇಲೆ ನನ್ನ ಕಡೆ ತಿರುಗಿ "ಇದು ಯಾರದು?" ಅಂದಳು.

ಎಬ್ಬಿಸಿ ನಿಲ್ಲಿಸಿದೆ. ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸಿ ನೇರ ನಡೆಸಿ ನೋಡಿದೆ. ಎರಡನೇ ಹೆಜ್ಜೆಗೆ ನನ್ನ ಮೇಲೆ ವಾಲಿದಳು. ಮಿದುಳಿಗೆ ನೀರು ತುಂಬುತ್ತಿರುವ ಲಕ್ಷಣ ಅದು. ಗುಡಿ ಇನ್ನು ನಾಲ್ಕೈದು ಕಿ.ಮೀ. ಇತ್ತು. ಜನರನ್ನು ಬೆನ್ನ ಮೇಲೆ ಹೊರುವ ಕಂಡಿಯವನ ಬುಟ್ಟಿಯಲ್ಲಿ ಕೂರಿಸಿ ಕೆಳಗೆ ಇಳಿಸಿದೆವು. ದಾರಿಯಲ್ಲಿ ಕೆಳಗಿರುವ ಭೀಮ್‌ಬಲಿ ತಲುಪುವ ಹೊತ್ತಿಗೆ ಚಹಾ ಕೇಳಿದಳು. "ಬಾಗಿಲವರೆಗೆ ಬಂದು ತಿರುಗಿಸಿಬಿಟ್ಟೆಯಲ್ಲೇ" ಅಂತ ಅತ್ತಳು. ಆ ಅಳು ಕೇಳಿ ನನಗೆ ಜೀವ ಬಂತು. ಅದೇ ನಾನು ದರ್ಶನವಿಲ್ಲದೆ ಬಂದ ಸಲ.

ಮುಂದಿನ ವರ್ಷ ಸೆಪ್ಟೆಂಬರ್ ಕೊನೆಗೆ ಇಬ್ಬರೂ ಮತ್ತೆ ಹೋದೆವು. ಋಷಿಕೇಶದಲ್ಲಿ ಒಂದು ರಾತ್ರಿ, ಗುಪ್ತಕಾಶಿಯಲ್ಲಿ ಎರಡು, ಗೌರಿಕುಂಡದಲ್ಲಿ ಒಂದು, ಭೀಮ್‌ಬಲಿಯಲ್ಲಿ ಒಂದು. ಅಕ್ಕ ತನ್ನ ಕೈಯಾರೆ ಗಂಟು ಬಿಚ್ಚಿ, ಲಿಂಗ ಅಂಗೈಯಲ್ಲಿಟ್ಟುಕೊಂಡು ಗುಡಿ ಮುಂದೆ ಕೂತಳು.

ಹಾಗಾಗಿ ಮಗನಿಗೆ ಹೇಳಿ, ರಜೆ ಒಂದು ವಾರ ಮಾಡಲಿ. ಆಗದಿದ್ದರೆ ಈ ವರ್ಷ ಬಿಡಿ. ಹೆಲಿಕಾಪ್ಟರ್ ಬೇಕೇ ಬೇಕು ಅಂದರೆ ಗುಪ್ತಕಾಶಿಯಲ್ಲಿ ಎರಡು ರಾತ್ರಿ ಕಳೆದು ಹೋಗಿ, ದರ್ಶನ ಮಾಡಿ ಅವತ್ತೇ ಇಳಿಯಿರಿ. ಮೇಲೆ ಮಲಗಬೇಡಿ. ತಲೆನೋವಿನ ಜೊತೆ ವಾಂತಿ ಬಂದರೆ ಮುಂದೆ ಹೆಜ್ಜೆ ಇಡಬೇಡಿ. ನಡಿಗೆ ತೂರಾಡಿದರೆ, ಮಾತು ತಪ್ಪಿದರೆ, ಕೂತಲ್ಲೇ ಏದುಸಿರು ಬಂದರೆ ಬೆಳಗಾಗಲಿ ಅಂತಲೂ ಕಾಯಬೇಡಿ, ಅಲ್ಲಿರುವ ಯಾತ್ರಿಕರ ಚಿಕಿತ್ಸಾ ಕೇಂದ್ರಕ್ಕೆ ತೋರಿಸಿ ಇಳಿಸಿಬಿಡಿ.

ಬಿಪಿ, ಸಕ್ಕರೆ ಎರಡೂ ಇದೆ. ಬೆಟ್ಟಕ್ಕೆ ಡೈಮಾಕ್ಸ್ ಮಾತ್ರೆ ತಗೊಂಡ್ರೆ ಸಾಕು ಅಂತ ಗೆಳೆಯರು ಹೇಳ್ತಾರೆ. — ಹಿರಿಯೂರಿನ ಓದುಗರು

ಗೆಳೆಯರ ಮಾತಿಗೆ ಮಾತ್ರೆ ನುಂಗಬೇಡಿ. ಅದರಲ್ಲಿರುವ ಅಸೆಟಜೋಲಮೈಡ್ ಮೈ ಹೊಂದಿಕೊಳ್ಳುವುದನ್ನು ಸ್ವಲ್ಪ ಬೇಗ ಮಾಡುತ್ತದೆ, ನಿಜ. ಸಾಮಾನ್ಯವಾಗಿ ಏರುವ ಹಿಂದಿನ ದಿನವೇ ಶುರು ಮಾಡಿಸುತ್ತಾರೆ. ಆದರೆ ಅದು ಮೂತ್ರ ಜಾಸ್ತಿ ಮಾಡಿಸುತ್ತದೆ. ನಿಮ್ಮ ಬಿಪಿ ಗುಳಿಗೆಯಲ್ಲೇ ನೀರು ಇಳಿಸುವ ಔಷಧ ಇರಬಹುದು. ಸಲ್ಫಾ ಅಲರ್ಜಿ ಇರುವವರೂ ಮೊದಲೇ ಹೇಳಿಕೊಳ್ಳಬೇಕು. ಒಂದು ತಿಂಗಳು ಮುಂಚೆ ನಿಮ್ಮ ಡಾಕ್ಟರಿಗೆ ಎಲ್ಲ ಮಾತ್ರೆ ತೋರಿಸಿ, ಹೃದಯದ ಪರೀಕ್ಷೆ ಬೇಕಾ ಕೇಳಿ. ದಿನದ ಮಾತ್ರೆ ಒಂದು ದಿನವೂ ತಪ್ಪಿಸಬೇಡಿ. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಟ್ಟಿತು, ಒಳಜೇಬಿನಲ್ಲಿ ಮೈಗೆ ಹತ್ತಿ ಇರಲಿ. ನಡೆಯುವಾಗ ಸಕ್ಕರೆ ಇಳಿಯುತ್ತದೆ. ಬೆಲ್ಲದ ಚೂರು ಕೈಗೆ ಸಿಗುವ ಕಡೆ ಇಡಿ.

ಕರ್ಪೂರ ಮೂಸಿದರೆ ಆಕ್ಸಿಜನ್ ಸಿಗುತ್ತಾ? — ಚಳ್ಳಕೆರೆಯ ಓದುಗರು

ಇಲ್ಲ. ಮೂಗು ತಣ್ಣಗಾಗಿ ಉಸಿರು ಬಿಚ್ಚಿದ ಹಾಗೆ ಅನ್ನಿಸುತ್ತದೆ, ಅಷ್ಟೇ. ರಕ್ತಕ್ಕೆ ಏನೂ ಸೇರುವುದಿಲ್ಲ. ಅಂಗಡಿಯ ಪುಟ್ಟ ಆಕ್ಸಿಜನ್ ಡಬ್ಬಿಯೂ ಕೆಲವೇ ನಿಮಿಷಕ್ಕೆ ಮುಗಿಯುತ್ತದೆ. ಅದನ್ನು ನಂಬಿ ಮೇಲೆ ಹೋಗಬೇಡಿ.

ಕುಲದೇವರಿಗೆ ಹರಕೆ ಇದೆ. ದರ್ಶನ ಆಗುವವರೆಗೆ ನೀರು ಕೂಡ ಮುಟ್ಟದೆ ಹತ್ತಬೇಕು ಅಂದುಕೊಂಡಿದ್ದೇನೆ. — ಹರಿಹರದ ಸಹೋದರಿ

ನಿಮ್ಮ ಮನಸ್ಸು ನನಗೆ ಅರ್ಥವಾಗುತ್ತದೆ ತಂಗಿ. ಆದರೆ ಆ ಒಣ ಗಾಳಿಯಲ್ಲಿ ಬರೀ ಉಸಿರಿನಲ್ಲೇ ಎಷ್ಟೋ ನೀರು ಹೋಗುತ್ತದೆ. ನೀರಿಲ್ಲದ ತಲೆನೋವು ಯಾವುದು, ಎತ್ತರದ ತಲೆನೋವು ಯಾವುದು ಅಂತ ಆಮೇಲೆ ನಮಗೇ ಗೊತ್ತಾಗುವುದಿಲ್ಲ. ಉಪವಾಸವನ್ನು ಹೊರಡುವ ಮುಂಚೆ ಮನೆಯಲ್ಲೇ ಮಾಡಿ ಮುಗಿಸಿ. ಬೆಟ್ಟದಲ್ಲಿ ಗಂಟೆಗೊಮ್ಮೆ ನೀರು ಕುಡಿಯಿರಿ. ಹಸಿವೇ ಆಗದಿದ್ದರೂ ಸ್ವಲ್ಪ ಸ್ವಲ್ಪ ತಿನ್ನಿ. ನಾನು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ಯುತ್ತೇನೆ. ವಾರಗಟ್ಟಲೆ ಕೆಡುವುದಿಲ್ಲ, ಬಾಯಿಗೂ ರುಚಿ.

ಕೇದಾರ ನಮಗೆ ದೂರದ ಊರಲ್ಲ. ಪಂಚಪೀಠಗಳಲ್ಲಿ ಒಂದು ಅಲ್ಲೇ ಊಖಿಮಠದಲ್ಲಿದೆ. ಗುಡಿಯ ರಾವಲ್, ಅಂದರೆ ಪ್ರಧಾನ ಅರ್ಚಕರು, ನಮ್ಮ ವೀರಶೈವ ಜಂಗಮ ಪರಂಪರೆಯವರು. ನಿಮ್ಮ ಹರಕೆಯನ್ನು ಅಲ್ಲಿ ಹೇಗೆ ಸಲ್ಲಿಸುವುದು ಅಂತ ಹೋಗುವ ದಾರಿಯಲ್ಲಿ ಊಖಿಮಠದಲ್ಲೇ ಕೇಳಿ. ಕನ್ನಡದಲ್ಲೇ ಕೇಳಿ ನೋಡಿ.