ಏರುಪೇರು ಮೇಲೆ, ಭಯ ಕೆಳಗೆ

ನಮಸ್ಕಾರ ಮೇಷ್ಟ್ರೇ. ಪಾಂಡವಪುರದಿಂದ ನೀವು ಹಾಕಿದ ಕಾಗದ ತಲುಪಿತು. ಅಯಾನುಗೋಳದಲ್ಲಿ, ಅಂದರೆ ಆಕಾಶದಲ್ಲಿ ಬಹಳ ಎತ್ತರದಲ್ಲಿ ಎಲೆಕ್ಟ್ರಾನುಗಳು ತುಂಬಿರುವ ಪದರದಲ್ಲಿ, ಏರುಪೇರಾದರೆ ನಾಲ್ಕು ದಿನದಲ್ಲಿ ಭೂಕಂಪ ಗ್ಯಾರಂಟಿ ಅನ್ನುವ ವಾಟ್ಸಾಪ್ ವಿಡಿಯೋ ನೋಡಿ, "ಇದನ್ನು ಬರೆಯೋಕೆ ನಿಮಗೇನು ಹೆದರಿಕೆ?" ಅಂತ ಕೇಳಿದ್ದೀರಿ. ಹೆದರಿಕೆ ಏನಿಲ್ಲ. ವಿಡಿಯೋದಲ್ಲಿ ಅರ್ಧ ನಿಜ ಇದೆ, ತೊಂದರೆ ಇರುವುದೇ ಅಲ್ಲಿ.

ನೆಲ ಅಲುಗಿದರೆ ಮೇಲೂ ಅಲುಗುತ್ತದೆ, ಅದರಲ್ಲಿ ಅನುಮಾನವಿಲ್ಲ. 1964ರ ಅಲಾಸ್ಕ ಭೂಕಂಪದ ಕಾಲದಿಂದಲೂ ಇದಕ್ಕೆ ದಾಖಲೆ ಇದೆ. ನೆಲ ಗಾಳಿಯನ್ನು ತಳ್ಳುತ್ತದೆ, ಮೇಲೆ ಹೋದಂತೆ ಗಾಳಿ ತೆಳ್ಳಗಾಗಿ ಅಲೆ ದೊಡ್ಡದಾಗುತ್ತದೆ, ಸುಮಾರು ಹತ್ತು ನಿಮಿಷದಲ್ಲಿ 300 ಕಿ.ಮೀ. ಎತ್ತರದ ಎಲೆಕ್ಟ್ರಾನುಗಳನ್ನು ಅಲುಗಾಡಿಸುತ್ತದೆ. ಜಿಪಿಎಸ್ ಸಿಗ್ನಲ್ಲಿನಲ್ಲಿ ಆಗುವ ವ್ಯತ್ಯಾಸದಿಂದ ಅದು ಗೊತ್ತಾಗುತ್ತದೆ. ಆದರೆ ಇದೆಲ್ಲ ಭೂಕಂಪ ಆದ ಮೇಲಿನ ಮಾತು, ಅಲ್ವಾ?

ಜಗಳ ಇರುವುದು 'ಮುಂಚೆ' ಏನಾಗುತ್ತದೆ ಅನ್ನುವುದರ ಬಗ್ಗೆ. 2011ರ ಮಾರ್ಚ್ 11ರ ಜಪಾನ್ ಭೂಕಂಪಕ್ಕೆ ಸುಮಾರು 40 ನಿಮಿಷ ಮೊದಲೇ ಎಲೆಕ್ಟ್ರಾನು ಜಾಸ್ತಿಯಾಗಿತ್ತು ಅಂತ ಹೊಕ್ಕೈಡೊ ವಿಶ್ವವಿದ್ಯಾಲಯದ ಕೊಸುಕೆ ಹೆಕಿ ಬರೆದರು. ಬೇರೆ ವಿಜ್ಞಾನಿಗಳು ಅದೇ ಲೆಕ್ಕ ಮತ್ತೆ ಹಾಕಿ ನೋಡಿದರು. ಭೂಕಂಪ ಆದ ಮೇಲೆ ಎಲೆಕ್ಟ್ರಾನು ಇಳಿದಿದೆ, ಆ ಇಳಿತವನ್ನು ಮರೆತು ಮಾಮೂಲಿ ಮಟ್ಟದ ಗೆರೆ ಎಳೆದಿದ್ದಕ್ಕೆ ಮುಂಚಿನ ಭಾಗ ಉಬ್ಬಿದ ಹಾಗೆ ಕಾಣುತ್ತಿದೆ ಅಂದರು. ಹೆಕಿ ಅದಕ್ಕೂ ಉತ್ತರ ಕೊಟ್ಟರು. ಈ ನಂಟು ಹುಡುಕಲೆಂದೇ ಫ್ರಾನ್ಸ್ 2004ರಲ್ಲಿ ಡೆಮಿಟರ್, ಚೀನಾ 2018ರಲ್ಲಿ ಜಾಂಗ್‌ಹೆಂಗ್-1 ಉಪಗ್ರಹ ಹಾರಿಸಿದವು. ಇಂಥ ಊರಿಗೆ ಇಂಥ ದಿನ ಅಂತ ಹೇಳುವ ಮಟ್ಟಕ್ಕೆ ಮಾತ್ರ ಯಾರೂ ಬಂದಿಲ್ಲ.

ಇನ್ನು ವಿಡಿಯೋದವರ ಕೈಚಳಕ ನೋಡಿ. 5ಕ್ಕಿಂತ ಜಾಸ್ತಿ ತೀವ್ರತೆಯ ಭೂಕಂಪಗಳು ಪ್ರಪಂಚದಲ್ಲಿ ವರ್ಷಕ್ಕೆ ಸಾವಿರದ ಮೇಲಾಗುತ್ತವೆ, ಅಂದರೆ ದಿನಕ್ಕೆ ಮೂರೋ ನಾಲ್ಕೋ. ಇವತ್ತು ಏರುಪೇರು ಅಂತ ಸುಮ್ನೆ ಹೇಳಿದರೂ ನಾಳೆ ಎಲ್ಲೋ ಒಂದು ಕಡೆ ನಡುಗಿಯೇ ನಡುಗುತ್ತದೆ! ಅದೂ ಅಲ್ಲದೆ ಭೂಮಿಯ ಕಾಂತೀಯ ಸಮಭಾಜಕ (ಭೂಮಿಯ ಕಾಂತಬಲ ನೆಲಕ್ಕೆ ಸಮನಾಗಿ ಮಲಗಿರುವ ಗೆರೆ) ತಮಿಳುನಾಡಿನ ತಿರುನೆಲ್ವೇಲಿ ಹತ್ತಿರವೇ ಹಾದು ಹೋಗುತ್ತದೆ. ಆ ಗೆರೆಯ ಆಸುಪಾಸಿನಲ್ಲಿ ಇರುವುದರಿಂದ ನಮ್ಮ ಮೈಸೂರು, ಮಂಡ್ಯದ ಮೇಲೆ ಹೊತ್ತು ಮುಳುಗಿದ ಮೇಲೆ ಅಯಾನುಗೋಳ ಕದಡುವುದು ಮಾಮೂಲು. 2024ರ ಮೇ ತಿಂಗಳ ಸೌರ ಬಿರುಗಾಳಿಗೆ ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾಯಿತು, ಅಯಾನುಗೋಳ ಅಲ್ಲೋಲಕಲ್ಲೋಲವಾಯಿತು. ಅದು ಸೂರ್ಯನ ಕೆಲಸ, ನೆಲದ್ದಲ್ಲ.

ವಿಡಿಯೋ ಕಳಿಸಿದವರನ್ನು ಒಂದು ಮಾತು ಕೇಳಿ: ಏರುಪೇರಾಗಿಯೂ ಭೂಕಂಪ ಆಗದ ದಿನಗಳ ಪಟ್ಟಿ ಎಲ್ಲಿ? ಕೊಟ್ಟರೆ ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ. ಕೆಆರ್‌ಎಸ್ ಅಣೆಕಟ್ಟೆ ಬಗ್ಗೆ ನಿಮಗಿರುವ ಚಿಂತೆಗೆ ಆಕಾಶ ನೋಡಬೇಕಾಗಿಲ್ಲ. ಬಂಡೆ ಸಿಡಿಸಿ ಅಣೆಕಟ್ಟೆಗೆ ಅಪಾಯ ಅನ್ನುವ ಆತಂಕ ಹುಟ್ಟಿಸಿದ ಬೇಬಿ ಬೆಟ್ಟದ ಕ್ವಾರಿ ನಿಮ್ಮ ತಾಲ್ಲೂಕಿನಲ್ಲೇ ಇದೆಯಲ್ಲ, ಅದರ ಬಗ್ಗೆ ಬರೆಯಿರಿ, ಎರಡು ಪುಟ ಬಿಟ್ಟುಕೊಡುತ್ತೇನೆ.